ಅರ್ಧ ಸಂಬಳದ ಯಾತ್ರೆ

ಸಭಾಪಾಲಕ ರಜೆ ಹಾಕಿದ ಎಂದರೆ ನಮ್ಮ ಸಭೆಗಳಲ್ಲಿ ಎರಡೇ ಅರ್ಥ: ಒಂದೋ ಕಾಯಿಲೆ, ಇಲ್ಲವೇ ಮೇಲಿನ ಕಚೇರಿಯಲ್ಲಿ ಅವನ ಮೇಲೆ ಅರ್ಜಿ ಬಿದ್ದಿದೆ. ನನಗೆ ಬಿಪಿ ಕೂಡ ಇಲ್ಲವೆಂದು ಗೊತ್ತಿದ್ದವರು ಎರಡನೆಯದನ್ನೇ ಖಾತ್ರಿ ಮಾಡಿಕೊಂಡು, ‘ಯಾರು ಬರೆದರಂತೆ ಅಯ್ಯನವರೇ?’ ಎಂದು ಮರುಕದಿಂದ ವಿಚಾರಿಸಿದರು. ಹಿಂದೆ ವೆಸ್ಲಿಯನ್ ಮಿಷನ್ನಿನ ದೊರೆಗಳು ಕೆಲವು ವರ್ಷಕ್ಕೊಮ್ಮೆ ಹಡಗು ಹತ್ತಿ ‘ಫರ್ಲೋ’ಗೆ ಹೋಗುತ್ತಿದ್ದರು. ಅದು ಯಾರಿಗೂ ವಿಚಿತ್ರ ಅನಿಸಿರಲಿಲ್ಲ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಹುಟ್ಟಿತು, ಕ್ರಮೇಣ ದೊರೆಗಳು ಹೋದರು, ಅವರ ಬಂಗಲೆ ನಮಗೆ ಬಂತು, ಫರ್ಲೋ ಮಾತ್ರ ಬರಲಿಲ್ಲ. ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಏಳನೇ ವರ್ಷ ಹೊಲಕ್ಕೂ ಸಬ್ಬತ್ತಿದೆ ಎಂದು ಕಮಿಟಿಯಲ್ಲಿ ವಾದಿಸಿದೆ. ‘ಹೊಲಕ್ಕೆ ಸಂಬಳ ಇಲ್ಲವಲ್ಲ’ ಎಂದರು ಖಜಾಂಚಿಗಳು. ಕೊನೆಗೆ ಅರ್ಧ ಸಂಬಳಕ್ಕೆ ಒಪ್ಪಿಗೆಯಾಯಿತು. ಸ್ತ್ರೀಯರ ಕೂಟ, ಸಂಡೇ ಸ್ಕೂಲು ಎರಡನ್ನೂ ಪುಕ್ಕಟೆ ನಡೆಸಿಕೊಂಡು ಬಂದ ನನ್ನ ಹೆಂಡತಿಯ ರಜೆಯ ವಿಚಾರ ನಡಾವಳಿ ಪುಸ್ತಕದಲ್ಲೇ ಇಲ್ಲ.

ಮಂಡ್ಯ ಸೀಮೆಯ ಕಾವೇರಿ ನಾಲೆ ನೀರು ಕುಡಿದು ಬೆಳೆದವನಿಗೆ ಆ ನದಿ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ನೋಡುವ ಆಸೆ ಹಳೆಯದು. ಕ್ರಿಸ್ಮಸ್ ಗದ್ದಲ ಮುಗಿದ ಮೇಲೆ ಫೆಬ್ರವರಿಯಲ್ಲಿ ಮೈಲಾಡುದುರೈ ಕಡೆಯ ರಾತ್ರಿ ರೈಲು ಹತ್ತಿದೆವು. ತಿರುಚ್ಚಿಯಲ್ಲಿ ಇಳಿದು, ಕರೂರು ಬಸ್ಸಿನಲ್ಲಿ ಹಿಂದಕ್ಕೆ ಬಂದು, ಕುಳಿತಲೈ ಹತ್ತಿರದ ತಣ್ಣೀರ್‌ಪಳ್ಳಿ ಸೇರಿದೆವು. ಮೆಟ್ಟೂರಿನ ಬಾಗಿಲು ವಾಡಿಕೆಯಂತೆ ಜನವರಿ ಕೊನೆಗೇ ಮುಚ್ಚಿತ್ತು. ಅಲ್ಲಿ ಕಾವೇರಿ ಎಂದರೆ ಕಣ್ಣು ಹಾಯುವಷ್ಟು ಮರಳು, ನಡುವೆ ಮೊಣಕಾಲಿನ ನೀರು. ಈ ನೀರಿಗಾಗಿಯೇ 2016ರಲ್ಲಿ ನಮ್ಮವರು ಹೆದ್ದಾರಿಗೆ ಅಡ್ಡ ಕೂತದ್ದು. ದಡದ ತೆಂಗಿನ ತೋಟದವನಿಗೂ ಅಷ್ಟೇ ಸಿಟ್ಟು ಇದ್ದೀತು. ಆದರೆ ನನ್ನ ತಮಿಳು ಟೀ ಕೇಳುವಷ್ಟೇ ಇದ್ದದ್ದರಿಂದ ಜಗಳವಾಗಲಿಲ್ಲ.

ತಣ್ಣೀರ್‌ಪಳ್ಳಿಯಲ್ಲಿರುವುದು ಶಾಂತಿವನಂ, ಸಚ್ಚಿದಾನಂದ ಆಶ್ರಮ. 1950ರಲ್ಲಿ ಇಬ್ಬರು ಫ್ರೆಂಚ್ ಪಾದ್ರಿಗಳು, ಜೂಲ್ಸ್ ಮೊನ್‌ಶಾನಿನ್ ಮತ್ತು ಹಾನ್ರಿ ಲ ಸೋ, ಕಾವಿಯುಟ್ಟು ಇಲ್ಲಿ ಗುಡಿಸಲು ಹಾಕಿದರು. ಮೊನ್‌ಶಾನಿನ್ 1957ರಲ್ಲಿ ತೀರಿಕೊಂಡರು. ಅಭಿಷಿಕ್ತಾನಂದ ಎಂದು ಹೆಸರು ಬದಲಿಸಿಕೊಂಡ ಲ ಸೋ 1968ರಲ್ಲಿ ಹಿಮಾಲಯಕ್ಕೆ ಹೊರಟುಬಿಟ್ಟರು. ಆಮೇಲೆ ಬಂದು ಇದನ್ನು ನಿಲ್ಲಿಸಿದವರು ಇಂಗ್ಲಿಷ್ ಸಂನ್ಯಾಸಿ ಬೀಡ್ ಗ್ರಿಫಿತ್ಸ್. 1955ರಲ್ಲಿ ಇಂಡಿಯಾಕ್ಕೆ ಬಂದ ಅವರು ಮಠ ಕಟ್ಟಲು ಮೊದಲು ಪ್ರಯತ್ನಪಟ್ಟದ್ದು ನಮ್ಮ ಕೆಂಗೇರಿಯಲ್ಲಿ. ಅಲ್ಲಿ ಕೈಗೂಡದೆ ಕೇರಳದ ಕುರಿಶುಮಲೆಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದು, 1993ರಲ್ಲಿ ಇಲ್ಲೇ ಮಣ್ಣಾದರು. ಮೆಟ್ರೋ ಓಡುವ ಈಗಿನ ಕೆಂಗೇರಿ ನೋಡಿದರೆ, ಕೈಗೂಡದಿದ್ದದ್ದೇ ಒಳ್ಳೆಯದಾಯಿತು ಅನಿಸುತ್ತದೆ.

ದೇವಾಲಯಕ್ಕೆ ಗೋಪುರವಿದೆ. ಒಳಗೆ ಗರ್ಭಗುಡಿಯಂಥ ಕತ್ತಲೆ, ಹೊರಗೆ ನಡುವೆ ಓಂಕಾರ ಕೊರೆದ ಶಿಲುಬೆ. ಬೆಳಿಗ್ಗೆಯ ಪ್ರಾರ್ಥನೆಗೆ ಹಣೆಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ. ಬೈಬಲ್ಲಿನ ಜೊತೆ ಉಪನಿಷತ್ತು, ತಮಿಳು ಭಕ್ತರ ಪದ. ಸುತ್ತಲೂ ಯೂರೋಪಿನ ಅತಿಥಿಗಳು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ, ಗಾಯತ್ರಿಯನ್ನು ಸ್ವರ ತಪ್ಪದೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಯಾಕೆಂದು ಹೇಳಬೇಕು. ನನ್ನ ಮುತ್ತಾತ ಊರಾಚೆಯ ಕೇರಿಯಿಂದ ಮಿಷನ್ ಕಾಂಪೌಂಡಿಗೆ ಬಂದವನು. ಈ ಮಂತ್ರ ಅವನ ಕಿವಿಗೆ ಬಿದ್ದಿದ್ದರೆ ತಪ್ಪು ಮಂತ್ರದ್ದಾಗುತ್ತಿರಲಿಲ್ಲ, ಕಿವಿಯದ್ದಾಗುತ್ತಿತ್ತು. ಭಾರತದ ಕ್ರೈಸ್ತ ಚಿಂತನೆ ಬ್ರಾಹ್ಮಣ್ಯದ ದಾರಿ ಹಿಡಿದು ತನ್ನ ಸ್ವಂತ ಜನರನ್ನೇ ಮರೆಯಿತು ಎಂದು 1980ರ ದಶಕದಲ್ಲಿ ಅರವಿಂದ ನಿರ್ಮಲ್ ಬೆಂಗಳೂರಿನಲ್ಲೇ ಎತ್ತಿದ ತಕರಾರನ್ನು ನಾವು ದೈವಶಾಸ್ತ್ರದ ತರಗತಿಯಲ್ಲಿ ಪರೀಕ್ಷೆಗೆಂದು ಉರುಹೊಡೆದವರು. ಈಗ ಅದು ಹೊಟ್ಟೆಯೊಳಗಿಂದ ಎದ್ದು ಬಂತು. ‘ಭಾರತೀಯತೆ’ ಎಂದರೆ ಸಂಸ್ಕೃತವೇ ಏಕಾಗಬೇಕು? ನಮ್ಮ ಕೇರಿಯ ತಮಟೆ ಯಾವ ದೇಶದ್ದು? ಜೊತೆಗೆ ಇನ್ನೊಂದು ಕಿರಿಕಿರಿ: ಮೈಕು ಎಲ್ಲಿ, ಎಷ್ಟು ಜನ ಬಂದಿದ್ದಾರೆ, ಪಾಠ ಓದುವವನು ಯಾಕೆ ಇನ್ನೂ ಎದ್ದಿಲ್ಲ ಎಂದು ನನ್ನ ತಲೆ ಲೆಕ್ಕ ಹಾಕುತ್ತಲೇ ಇತ್ತು. ಯಾವ ಆರಾಧನೆಯಲ್ಲೂ ನಾನು ಸುಮ್ಮನೆ ಕೂತು ವರ್ಷಗಳಾಗಿದ್ದವು. ನನ್ನ ಹೆಂಡತಿಗೆ ಈ ಯಾವ ತೊಂದರೆಯೂ ಇರಲಿಲ್ಲ. ಗಂಧ ಬೇಡವೆಂದಳು, ಹಿಂದಿನ ಗೋಡೆಗೆ ಒರಗಿದಳು, ಹಾಯಾಗಿ ನಿದ್ದೆ ಮಾಡಿದಳು. ಎಲೀಯನು ಅಡವಿಯಲ್ಲಿ ಸಾಯಬೇಕೆಂದು ಬಿದ್ದುಕೊಂಡಾಗ ದೇವದೂತನು ಕೊಟ್ಟದ್ದು ಉಪದೇಶವಲ್ಲ, ನಿದ್ದೆಯ ನಡುವೆ ಎಬ್ಬಿಸಿ ರೊಟ್ಟಿ. ಅದನ್ನು ಪೀಠದಿಂದ ಹೇಳಿದವನು ನಾನು, ಮಾಡಿದವಳು ಅವಳು.

ಉರಿ ತಣಿದದ್ದು ಅಡುಗೆಮನೆಯ ಹಜಾರದಲ್ಲಿ. ಅತಿಥಿಗಳು ತರಕಾರಿ ಕೆಲಸಕ್ಕೆ ಕೈ ಹಚ್ಚುತ್ತಾರೆ. ನನ್ನ ಪಾಲಿಗೆ ಸಾಂಬಾರ್ ಈರುಳ್ಳಿ ಬಂತು. ನೀರಲ್ಲಿ ನೆನೆಸಿದ್ದರೂ ಸಿಪ್ಪೆ ಬಿಡದು. ಬುಡ ಕೊಯ್ದು, ಉಗುರು ಸಂದಿಗೆ ಸಿಕ್ಕಿಸಿ ಎಳೆದರೆ ಅರ್ಧ ಈರುಳ್ಳಿಯೇ ಸಿಪ್ಪೆಯ ಜೊತೆ ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹಿರಿಯರು ನನ್ನ ಕೈಯನ್ನೇ ಒಂದಷ್ಟು ಹೊತ್ತು ನೋಡಿ, ‘ಹಂಗಲ್ಲ, ತಲ ಕಡಿಂದ ಹಿಡೀರಿ’ ಎಂದರು, ಅಚ್ಚ ಚಾಮರಾಜನಗರದ ಕನ್ನಡದಲ್ಲಿ. ತಾಳವಾಡಿ ಕಡೆಯ ನಿವೃತ್ತ ಮೇಷ್ಟ್ರು, ಕೊರಳಲ್ಲಿ ಲಿಂಗ. ವರ್ಷಕ್ಕೊಮ್ಮೆ ಬಂದು ಇದ್ದು ಹೋಗುತ್ತಾರಂತೆ. ಯಾಕೆ ಅಂದೆ. ‘ಮನೇಲಿ ಟೀವಿ ಜಾಸ್ತಿ’ ಅಂದರು.

ನಾನು ಯಾರೆಂದು ತಿಳಿದ ಮೇಲೆ ಪ್ರಾರ್ಥನೆ ಮಾಡಿ ಎನ್ನುತ್ತಾರೆಂದು ಕಾದೆ. ರೈಲಲ್ಲಿ, ಮದುವೆಮನೆಯಲ್ಲಿ, ಆಸ್ಪತ್ರೆ ಲಿಫ್ಟಿನಲ್ಲಿ ನನಗೆ ಬೀಳುವ ಬೇಡಿಕೆ ಅದೊಂದೇ. ಮೇಷ್ಟ್ರು ಕೇಳಿದ್ದು ಬೇರೆ. ‘ಹಂಗಾರ ರಜದಲ್ಲೂ ಸಂಬ್ಳ ಬತ್ತದಾ ಅಯ್ಯನೋರೆ?’

‘ಅರ್ಧ ಬರುತ್ತೆ ಮೇಷ್ಟ್ರೇ.’

‘ಸರಿ ಬುಡಿ, ಅರ್ಧ ಪ್ರಾರ್ಥ್ನ ಮಾಡುದ್ರ ಸಾಕು.’

ಆಮೇಲೆ ಯಾವೂರು ಎಂದರು. ಹೇಳಿದೆ. ಊರಲ್ಲಿ ಎಲ್ಲಿ ಎಂದರು. ಈ ಎರಡನೇ ಪ್ರಶ್ನೆ ಎಲ್ಲಿಗೆ ಮುಟ್ಟುತ್ತದೆಂದು ನನಗೆ ಮೂರು ತಲೆಮಾರಿನಿಂದ ಗೊತ್ತು. ಸುತ್ತು ಬಳಸದೆ ಕೇರಿಯ ಹೆಸರನ್ನೇ ಹೇಳಿ ಅವರ ಮುಖ ನೋಡಿದೆ. ಅವರು ಈರುಳ್ಳಿಯ ಬೋಗುಣಿಯನ್ನು ನನ್ನತ್ತ ಇನ್ನಷ್ಟು ತಳ್ಳಿ, ‘ಬಿರ್ರನ ಸುಲೀರಿ, ಊಟಕ್ಕ ಹೊತ್ತಾಯ್ತದ’ ಎಂದರು.

ಊಟ ನೆಲದ ಮೇಲೆ ಸಾಲಾಗಿ, ಮಾತಿಲ್ಲದೆ. ಕಾವಿಯವರು, ಮೇಷ್ಟ್ರು, ಮಂಡಿ ಮಡಚಲಾಗದೆ ಒದ್ದಾಡುವ ಬಿಳಿಯರು, ನಾವು. ಉಂಡವರು ತಟ್ಟೆ ಹಿಡಿದು ನಲ್ಲಿಯ ಹತ್ತಿರ ಸಾಲು ನಿಲ್ಲಬೇಕು. ನನ್ನ ಮುಂದಿದ್ದ ವಯಸ್ಸಾದ ಸ್ವಾಮಿಗಳು ತಮ್ಮ ತಟ್ಟೆಯ ಅಂಚನ್ನು ಬೆರಳಿಂದ ಸುತ್ತಲೂ ಉಜ್ಜಿ, ತಿರುಗಿಸಿ ಬೆನ್ನನ್ನೂ ಉಜ್ಜಿ, ಬೆಳಕಿಗೆ ಹಿಡಿದು ನೋಡಿ ಇಟ್ಟರು. ನಮ್ಮಲ್ಲಿ ಪ್ರಭುಭೋಜನದ ಪಾತ್ರೆ ಎಲ್ಲರಿಗೂ ಒಂದೇ. ಆದರೆ ಸುಗ್ಗಿ ಹಬ್ಬದ ಬಿರಿಯಾನಿಗೆ ಮೇಲಿನವರಿಗೆ ಒಳಗೆ ಮೇಜು, ಬಾಟಲಿ ನೀರು. ತಟ್ಟೆ ತೊಳೆಯಲು ಬರುವ ಹೆಂಗಸರ ಹೆಸರು ಕಮಿಟಿಯಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿಲ್ಲ. ಸಂಸ್ಕೃತದ ಮೇಲಿನ ನನ್ನ ತಕರಾರನ್ನು ಈಗಲೂ ವಾಪಸ್ಸು ತೆಗೆದುಕೊಂಡಿಲ್ಲ. ಆದರೆ ಆ ನಲ್ಲಿಯ ಸಾಲಿನಲ್ಲಿ ನಿಂತು ಆ ತಕರಾರನ್ನು ಜೋರಾಗಿ ಹೇಳುವಷ್ಟು ಬಂಡವಾಳ ನಮ್ಮ ಸಭೆಯ ಬಳಿ ಇರಲಿಲ್ಲ.

ಫೋನು ಮಾತ್ರ ಬಿಡಲಿಲ್ಲ. ಮಾರ್ಕನ 6ನೇ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ದಣಿವಾರಿಸಿಕೊಳ್ಳಲು ದೋಣಿಯಲ್ಲಿ ಕರೆದೊಯ್ದರೆ, ಜನ ಕಾಲ್ನಡಿಗೆಯಲ್ಲೇ ಓಡಿ ಅವರಿಗಿಂತ ಮೊದಲು ಆ ದಡ ಸೇರಿರುತ್ತಾರೆ. ನಮ್ಮವರಿಗೆ ಓಡುವ ಕಷ್ಟವೂ ಇಲ್ಲ, ವಾಟ್ಸಾಪ್ ಇದೆ. ಬೀರುವಿನ ಕೀಲಿ, ಸ್ಮಶಾನದ ಜಾಗದ ಜಗಳ, ಕೊಯರಿನ ಮುನಿಸು.

ತಂಜಾವೂರು ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಬೃಹದೀಶ್ವರನ ಮುಂದೆ ಸೆಲ್ಫಿ ಕೋಲುಗಳ ಕಾಡಿನಲ್ಲಿ ನಂದಿಯೂ ಕಾಣಲಿಲ್ಲ. ತರಂಗಂಬಾಡಿಯಲ್ಲಿ ಸಮುದ್ರ ಕಾಣುವ ಕೋಣೆಗೆ ಹೇಳಿದ ಬಾಡಿಗೆ ನನ್ನ ಅರ್ಧ ಸಂಬಳಕ್ಕೆ ನಿಲುಕದೆ, ಗೋಡೆ ಕಾಣುವ ಕೋಣೆ ಹಿಡಿದೆವು. ಇಲ್ಲಿಗೆ 1706ರ ಜುಲೈನಲ್ಲಿ ಬಂದಿಳಿದ ಜರ್ಮನ್ ಪಾದ್ರಿ ಬಾರ್ತೊಲೊಮೇಯಸ್ ಜೀಗನ್‌ಬಾಲ್ಗ್ ತಮಿಳು ಕಲಿತ, ಡೇನಿಷ್ ಗವರ್ನರನ ಸೆರೆಮನೆ ಕಂಡ, ತಮಿಳಿನಲ್ಲಿ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ. ನಡುವೆ ಯೂರೋಪಿಗೆ ಹೋದವನು ಅಲ್ಲಿಯೂ ಸುಮ್ಮನಿರದೆ 1716ರಲ್ಲಿ ಹಾಲೆಯಲ್ಲಿ ತಮಿಳು ವ್ಯಾಕರಣ ಪ್ರಕಟಿಸಿದ, ಮದುವೆಯಾದ, ಹಡಗು ಹತ್ತಿ ವಾಪಸ್ಸು ಬಂದ, 1719ರಲ್ಲಿ ಸತ್ತ. ವಯಸ್ಸು 36. ಅವನು ಕಟ್ಟಿಸಿದ ಹೊಸ ಯೆರೂಸಲೇಮ್ ದೇವಾಲಯದಲ್ಲೇ ಅವನ ಸಮಾಧಿ. ನಮ್ಮ ಕಾಲೇಜುಗಳಲ್ಲಿ ಇಂಥವರನ್ನೇ ಮಾದರಿಯಾಗಿ ತೋರಿಸುತ್ತಾರೆ.

ಭಾನುವಾರ ಅಲ್ಲಿಯ ಆರಾಧನೆಗೆ ಹೋಗಿ ಕಡೆಯ ಬೆಂಚಿನಲ್ಲಿ ಕೂತೆವು. ಪ್ರಸಂಗ ಅರ್ಥವಾಗಲಿಲ್ಲ, ಉದ್ದವಾಗಿತ್ತು. ಗಡಿಯಾರ ನೋಡಿಕೊಂಡದ್ದನ್ನು ಕಂಡು ನನ್ನ ಹೆಂಡತಿ, ‘ನಿಮ್ಮದು ಇದಕ್ಕಿಂತ ಹತ್ತು ನಿಮಿಷ ಜಾಸ್ತಿ’ ಎಂದು ಪಿಸುಗುಟ್ಟಿದಳು. ಮುಗಿದ ಮೇಲೆ ಬಾಗಿಲಲ್ಲಿ ಕೈಕುಲುಕುತ್ತಿದ್ದ ಪಾಸ್ಟರು ಯಾವೂರು, ಏನು ಕೆಲಸ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, ‘ಲೀವು’ ಎಂದಳು. ಅವರು ನಕ್ಕು ನನ್ನ ಹಿಂದಿನವರ ಕೈ ಹಿಡಿದರು. ಬಂದರಿನ ಬದಿಯ ಹೋಟೆಲಿನಲ್ಲಿ ಮೀನಿನ ಊಟದ ರೇಟನ್ನು ಅವಳು ಬೆಳಿಗ್ಗೆಯೇ ಚೌಕಾಸಿ ಮಾಡಿಟ್ಟಿದ್ದಳು. ಹನ್ನೆರಡೂವರೆಗೆ ಖಾಲಿಯಾಗುತ್ತದಂತೆ, ಬೇಗ ಬನ್ನಿ ಎಂದು ಮುಂದೆ ನಡೆದಳು.