ಒಂದೇ ಮಾತು ಕೇಳಿದ ಐವರು

ಮೆಟ್ಟಿಲು ಕಡಿದಾಗಿದೆ, ಮಳೆನೀರಿಗೆ ಜಾರುತ್ತದೆ. ಕಂಬಿ ಹಿಡಿದುಕೊಂಡೇ ಹತ್ತಿ. ಕೊಡೆಯನ್ನು ಬಾಗಿಲ ಹೊರಗಿನ ಬಕೆಟಿನಲ್ಲಿಡಿ. ಜುಲೈ ತಿಂಗಳ ಶನಿವಾರ, ಸಂಜೆ ನಾಲ್ಕೂವರೆ. ಕೆಳಗೆ ಕಂಕನಾಡಿಯ ರಸ್ತೆಯಲ್ಲಿ ಬಸ್ಸಿನ ಕಂಡಕ್ಟರ್ 'ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್' ಎಂದು ಕೂಗುವುದು ಇಲ್ಲಿಯವರೆಗೂ ಕೇಳುತ್ತದೆ. ಒಂದು ಉದ್ದನೆಯ ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಪೇಪರಿನಲ್ಲಿ ಕಟ್ಟಿ ತಂದ ಗೋಳಿಬಜೆ, ಫ್ಲಾಸ್ಕಿನಲ್ಲಿ ಚಾ. ನೀವು ಗೋಡೆ ಬದಿಯ ಬೆಂಚಿನಲ್ಲಿ ಕೂತುಕೊಳ್ಳಿ. ಮಾತಿನ ಮಧ್ಯೆ ಬಾಯಿ ಹಾಕುವಂತಿಲ್ಲ, ಅಷ್ಟೆ. ಇಲ್ಲಿ ಸೇರುವವರು ತಮ್ಮ ಆಪ್ತಸಮಾಲೋಚನೆಯ ಕೇಸುಗಳನ್ನು ಚರ್ಚಿಸುತ್ತಾರೆ. ಈಗ ಕೇಳಲಿರುವ ಕೇಸಿನಲ್ಲಿ ಊರು, ವಯಸ್ಸು, ಉದ್ಯೋಗ ಎಲ್ಲ ಬದಲಾಗಿದೆ. ಒಬ್ಬರಿಗಿಂತ ಹೆಚ್ಚು ಮಂದಿಯ ಕಥೆ ಅದರಲ್ಲಿ ಬೆರೆತಿದೆ.

ಕೇಸ್ ತಂದಿರುವವರು ಮೂವತ್ತರ ಆಸುಪಾಸಿನ ಆಪ್ತಸಮಾಲೋಚಕಿ, ರೋಶನಿ ನಿಲಯದಲ್ಲಿ ಎಂಎಸ್‌ಡಬ್ಲ್ಯು ಮಾಡಿದವರು. ಅವರ ಎದುರಿಗಿರುವ ಬಿಳಿಗೂದಲಿನ ಡಾಕ್ಟ್ರು ನಿವೃತ್ತ ಮನೋವೈದ್ಯರು, ಫ್ರಾಯ್ಡ್‌ನನ್ನು ಓದಿಕೊಂಡೇ ಬೆಳೆದವರು. ಪಕ್ಕದಲ್ಲಿ ಮುಂಬಯಿಯಲ್ಲಿ ತರಬೇತಿ ಪಡೆದು ಬಂದ ಮೇಡಂ. ಅವರಿಗೆ ಮೆಲನಿ ಕ್ಲೈನ್ ಎಂದರೆ ಪ್ರಾಣ. ಮೇಜಿನ ತುದಿಗೆ ಯೂಂಗ್‌ನನ್ನು ಮೆಚ್ಚುವ ಸಿಸ್ಟರ್. ಕಿಟಕಿ ಪಕ್ಕ ಇರುವವರು ಮಕ್ಕಳೊಂದಿಗೆ ಕೆಲಸ ಮಾಡುವ ಅಕ್ಕ. ಅವರ ಚೀಲದಲ್ಲಿ ವಿನಿಕಾಟ್‌ನ ಪುಸ್ತಕದ ಜೊತೆಗೆ ಎರಡು ಆಟಿಕೆ ಕಾರೂ ಇವೆ. ಕೊನೆಗೆ, ಹೈನ್ಸ್ ಕೋಹುಟ್‌ನನ್ನು ಹೊಸದಾಗಿ ಓದಿ ಅದರ ಬಿಸಿಯಲ್ಲೇ ಇರುವ ಯುವಕ. ಐವರದೂ ಮನೋವಿಶ್ಲೇಷಣೆಯ ವಂಶವೇ, ಆದರೆ ಐದು ಮನೆತನ.

'ಸುರು ಮಾಡಿ ಮಾರಾಯ್ತಿ,' ಎನ್ನುತ್ತಾರೆ ಡಾಕ್ಟ್ರು.

ಆಕೆ ನೋಟ್‌ಬುಕ್ ಬಿಡಿಸುತ್ತಾರೆ. ಕ್ಲೈಂಟ್‌ಗೆ ಮೂವತ್ತನಾಲ್ಕು. ಎದೆ ಬಿಗಿಯುತ್ತದೆ ಎಂದು ಎರಡು ಆಸ್ಪತ್ರೆ ಸುತ್ತಿ ಬಂದವನು. ಇಸಿಜಿ ಸರಿ, ಎಕೋ ಸರಿ. ಅಪ್ಪ ಗಲ್ಫಿನಲ್ಲಿ ಇಪ್ಪತ್ತೈದು ವರ್ಷ ದುಡಿದು ಈಗ ಪೂರ್ತಿ ಊರಿಗೆ ಮರಳಿದ್ದಾರೆ. ಪಕ್ಕದ ಕೋಣೆಯಲ್ಲಿ ಅಪ್ಪ ಕೆಮ್ಮಿದರೆ ಇವನ ಎದೆ ಬಿಗಿಯುತ್ತದೆ. ಬಜ್ಪೆಯಿಂದ ಗಲ್ಫಿಗೆ ನೇರ ವಿಮಾನ ಶುರುವಾದದ್ದೇ 2006ರಲ್ಲಿ. ಇವನು ಹುಡುಗನಾಗಿದ್ದಾಗ ಅಪ್ಪ ಬೊಂಬಾಯಿಯಲ್ಲಿ ಇಳಿದು, ಬಸ್ಸಿನಲ್ಲಿ ರಾತ್ರಿಯಿಡೀ ಕೂತು, ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳೊಂದಿಗೆ ಎರಡು ವರ್ಷಕ್ಕೊಮ್ಮೆ ಬರುತ್ತಿದ್ದರು. ನಿಡೋ ಡಬ್ಬ, ಟ್ಯಾಂಗ್ ಪುಡಿ, ಟೈಗರ್ ಬಾಮ್. ಎರಡು ತಿಂಗಳಿಗೆ ಮತ್ತೆ ಹೊರಡುತ್ತಿದ್ದರು.

'ನಡುವಿನ ದಿನಗಳಲ್ಲಿ ಕ್ಯಾಸೆಟ್ ಬರ್ತಿತ್ತಂತೆ,' ಎನ್ನುತ್ತಾರೆ ಆಕೆ. 'ಊರಿಗೆ ಬರುವವರ ಕೈಲಿ ಅಪ್ಪ ತಮ್ಮ ಧ್ವನಿ ರೆಕಾರ್ಡ್ ಮಾಡಿ ಕಳಿಸ್ತಿದ್ರು. ಇವನು ಒಬ್ಬನೇ ಕೂತು ಹಿಂದೆ ಮುಂದೆ ತಿರುಗಿಸಿ ಕೇಳ್ತಿದ್ದ. ಕ್ಯಾಸೆಟಿನ ಅಪ್ಪ ಬೇರೆ, ಮನೆಗೆ ಬಂದವರು ಬೇರೆ ಅಂತ ಹೇಳ್ತಾನೆ.'

ಮೇಜಿನ ಸುತ್ತ ಯಾರೂ ಚಾ ಮುಟ್ಟುವುದಿಲ್ಲ. ಕರಾವಳಿಯಲ್ಲಿ ಆ ಕ್ಯಾಸೆಟ್ಟುಗಳನ್ನು ಕಂಡಿರದ ಮನೆ ಕಡಿಮೆ.

ಆಮೇಲೆ ತೊಡಕಿನ ಭಾಗ. ಹೋದ ತಿಂಗಳು ಆಕೆ ಎರಡು ವಾರ ರಜೆ ಹೋಗುವುದಾಗಿ ಮೊದಲೇ ತಿಳಿಸಿದ್ದಾರೆ. ಅವನು ನಕ್ಕು 'ಪರ್ವಾಗಿಲ್ಲ ಮೇಡಂ' ಎಂದಿದ್ದಾನೆ. ರಜೆಗೆ ಮುಂಚೆ ಇನ್ನೊಂದು ಸೆಷನ್ ಬಾಕಿ ಇತ್ತು. ಅದಕ್ಕೆ ಬರಲಿಲ್ಲ. ವಾಟ್ಸಾಪಿನಲ್ಲಿ ಕೆಲಸದ ನೆವ ಹೇಳಿದ.

ಚರ್ಚೆ ಶುರುವಾಗುತ್ತದೆ, ಅದರ ಜೊತೆಗೆ ಭಿನ್ನಮತವೂ. ಡಾಕ್ಟ್ರ ಪ್ರಕಾರ ಇದು ಈಡಿಪಸ್ ಕಥೆ: ಅಮ್ಮನ ಜೊತೆ ಯಜಮಾನನಂತೆ ಬೆಳೆದ ಹುಡುಗನ ಮನೆಗೆ ಹಕ್ಕುದಾರ ಹಿಂದಿರುಗಿದ್ದಾನೆ. ಕ್ಲೈನ್ ಮೇಡಂ ತಲೆ ಅಲ್ಲಾಡಿಸುತ್ತಾರೆ. ಒಳ್ಳೆಯ ಅಪ್ಪ ಕ್ಯಾಸೆಟಿನಲ್ಲಿ, ಕೆಟ್ಟ ಅಪ್ಪ ಮನೆಯಲ್ಲಿ. ಒಬ್ಬನನ್ನೇ ಎರಡಾಗಿ ಸೀಳಿಟ್ಟುಕೊಂಡು ಬದುಕಿದವನಿಗೆ ಈಗ ಇಬ್ಬರೂ ಒಬ್ಬನೇ ಎಂದು ಒಪ್ಪಬೇಕಾಗಿ ಬಂದಿದೆ ಎನ್ನುವುದು ಅವರ ವಾದ. ಸಿಸ್ಟರ್‌ಗೆ ಅವನ ಕನಸು ಬೇಕು. ಕನಸು ಕೇಳದೆ ಏನೂ ಹೇಳಲೊಲ್ಲರು. ಯುವಕ ಕೋಹುಟ್‌ನನ್ನು ತೆಗೆಯುತ್ತಾನೆ: ತಲೆ ಎತ್ತಿ ನೋಡಲು ಒಬ್ಬ ಅಪ್ಪ ಬೇಕಿತ್ತು, ಸಿಗಲಿಲ್ಲ.

ಇಷ್ಟರಲ್ಲಿ ಕಿಟಕಿ ಪಕ್ಕದ ಅಕ್ಕ ಕೇಳುತ್ತಾರೆ: 'ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದ್ದಾ, ವಾಯ್ಸ್ ಮೆಸೇಜಾ?'

ಆಕೆ ಫೋನ್ ತೆಗೆದು ನೋಡುತ್ತಾರೆ. 'ವಾಯ್ಸ್. ಯಾವಾಗ್ಲೂ ಟೈಪ್ ಮಾಡ್ತಾನೆ. ಇದೊಂದೇ...' ಎಂದವರು ಅಲ್ಲಿಗೇ ನಿಲ್ಲಿಸುತ್ತಾರೆ.

ನೀವು ಈಗ ಐದೂ ಮುಖಗಳನ್ನು ನೋಡಿ. ತಾನು ಬಾರದೆ, ಧ್ವನಿಯನ್ನಷ್ಟೇ ಕಳಿಸಿದ್ದಾನೆ. ಅಪ್ಪ ಮಾಡುತ್ತಿದ್ದುದನ್ನೇ ಮಾಡಿ, ತಾನು ಕಾದು ಕೂತು ಕೇಳುತ್ತಿದ್ದ ಜಾಗದಲ್ಲಿ ಈಕೆಯನ್ನು ಕೂರಿಸಿದ್ದಾನೆ. ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದಾರೆ. ಕನಸಿಲ್ಲದೆ ಮಾತಾಡೆನೆಂದಿದ್ದ ಸಿಸ್ಟರ್ 'ಅಯ್ಯೋ ದೇವರೇ' ಎನ್ನುತ್ತಾರೆ. ಇದಕ್ಕೆ ಕೊಡುವ ಹೆಸರು ಒಬ್ಬೊಬ್ಬರದೂ ಒಂದೊಂದು, ನಿಜ. ಆದರೆ ಕೇಳಿಸಿದ್ದು ಐವರಿಗೂ ಅದೇ. ನನ್ನ ನಂಬಿಕೆ ಇಷ್ಟೇ: ಈ ಪಂಥಗಳ ನಡುವೆ ಒಂದು ಸಮಾನ ನೆಲ ಇರುವುದಾದರೆ ಅದು ಇಲ್ಲಿದೆ, ಗ್ರಂಥಗಳಲ್ಲಿ ಅಲ್ಲ.

'ಇದು ಕೋಹುಟ್‌ನ ಕಥೆಯೇ ಸರ್!' ಯುವಕನಿಗೆ ತಡೆಯಲಾಗುವುದಿಲ್ಲ. ಕೋಹುಟ್ ತೀರಿಕೊಂಡದ್ದು 1981ರಲ್ಲಿ. 1984ರಲ್ಲಿ ಹೊರಬಂದ ಅವನ ಕೊನೆಯ ಪುಸ್ತಕದಲ್ಲಿ ಲ್ಯಾಟಿನ್ ಅಮೆರಿಕದ ಒಬ್ಬ ವಿಶ್ಲೇಷಕಿಯ ಪ್ರಸಂಗ ಬರುತ್ತದೆ. ಮುಂದಿನ ಒಂದು ಸೆಷನ್ ಇರುವುದಿಲ್ಲ ಎಂದು ಆಕೆ ಹೇಳಿದ ಮೇಲೆ ರೋಗಿ ಮಾತು ನಿಲ್ಲಿಸಿದ್ದಳು. ವಿಶ್ಲೇಷಕಿ ಕ್ಲೈನ್ ಪಂಥದವಳು. ಒಳ್ಳೆಯ ತಾಯಿ ನಿನ್ನ ಕಣ್ಣಿಗೆ ಕೆಟ್ಟ ತಾಯಿಯಾದಳು ಎಂಬ ಧಾಟಿಯಲ್ಲಿ ಅರ್ಥ ಹೇಳಿದಳು, ರೋಗಿ ಮತ್ತೆ ಮಾತಾಡತೊಡಗಿದಳು. ಫ್ರಾಯ್ಡ್ ಪಂಥದವರಾದರೆ ಇದನ್ನೇ ಅಪ್ಪ ಅಮ್ಮನ ಮುಚ್ಚಿದ ಬಾಗಿಲಿನ ಕಥೆಯಾಗಿ ಹೇಳುತ್ತಿದ್ದರು, ತಾನಾದರೆ ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದೆ ಎನ್ನುತ್ತಾನೆ ಕೋಹುಟ್. ಗುಣ ಕೊಟ್ಟದ್ದು ಆ ಅರ್ಥಕ್ಕಿಂತ ಹೆಚ್ಚಾಗಿ, ರೋಗಿಯ ನೋವು ವಿಶ್ಲೇಷಕಿಗೆ ತಿಳಿಯಿತು ಎಂಬುದು ಧ್ವನಿಯಲ್ಲೇ ತಲುಪಿದ್ದು ಎಂಬುದು ಅವನ ನಿಲುವು.

ಇದೇ ಪ್ರಸಂಗವನ್ನು ರಾಬರ್ಟ್ ವಾಲರ್‌ಸ್ಟೈನ್ ಎತ್ತಿಕೊಂಡರು. ಅಂತರರಾಷ್ಟ್ರೀಯ ಮನೋವಿಶ್ಲೇಷಣಾ ಸಂಘದ ಅಧ್ಯಕ್ಷರಾಗಿ 1987ರಲ್ಲಿ ಮಾಂಟ್ರಿಯಲ್‌ನಲ್ಲಿ ಅವರು ಕೇಳಿದ ಪ್ರಶ್ನೆ: ಮನೋವಿಶ್ಲೇಷಣೆ ಒಂದೋ, ಹಲವೋ? ದೊಡ್ಡ ಸಿದ್ಧಾಂತಗಳೆಲ್ಲ ಒಂದೊಂದು ಪಂಥದ ರೂಪಕಗಳು, ಕೂತು ಕೇಳುವ ಕೋಣೆಯೊಳಗಿನ ತಿಳಿವಳಿಕೆ ಮಾತ್ರ ಎಲ್ಲರದೂ ಎಂದು ಅವರು ಉತ್ತರ ಕೊಟ್ಟುಕೊಂಡರು. 1989ರ ರೋಮ್ ಸಮ್ಮೇಳನದ ವಿಷಯವೇ ಈ ಸಮಾನ ನೆಲ. ಎಲ್ಲರೂ ಒಪ್ಪಲಿಲ್ಲ. ಫ್ರಾನ್ಸಿನ ಆಂದ್ರೆ ಗ್ರೀನ್ 2005ರಲ್ಲೂ ಇದನ್ನು ಭ್ರಮೆ ಎಂದೇ ಬರೆದರು.

ಗೋಳಿಬಜೆಯ ಪೊಟ್ಟಣ ಈಗ ಬಿಚ್ಚುತ್ತದೆ. ಡಾಕ್ಟ್ರ ಮಾತು ಲಂಡನ್ನಿಗೆ ಹೋಗುತ್ತದೆ. 1942ರಿಂದ 1944ರವರೆಗೆ, ಯುದ್ಧಕಾಲದ ಆ ಊರಿನಲ್ಲಿ, ಅನ್ನಾ ಫ್ರಾಯ್ಡ್ ಕಡೆಯವರೂ ಕ್ಲೈನ್ ಕಡೆಯವರೂ ಸಭೆಯ ಮೇಲೆ ಸಭೆ ಸೇರಿ ವಾದಿಸಿದ್ದರು. ಸಂಘ ಒಡೆಯಲಿಲ್ಲ. 1946ರಲ್ಲಿ ತರಬೇತಿಯ ದಾರಿಯನ್ನು ಬೇರೆ ಬೇರೆ ಮಾಡಿಕೊಂಡು ಒಂದೇ ಸೂರಿನಡಿ ಉಳಿದರು. ಎರಡೂ ಬಣಕ್ಕೆ ಸೇರದೆ ನಡುವೆ ನಿಂತವರಲ್ಲಿ ವಿನಿಕಾಟ್ ಒಬ್ಬ. 'ನಮ್ಮಲ್ಲೂ ಇತ್ತು ಇದು,' ಎನ್ನುತ್ತಾರೆ ಡಾಕ್ಟ್ರು. ಕಲ್ಕತ್ತೆಯಲ್ಲಿ 1922ರಲ್ಲೇ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್, ನನ್ನ ಭಾರತೀಯ ರೋಗಿಗಳು ನಿಮ್ಮ ಯುರೋಪಿನ ರೋಗಿಗಳ ಹಾಗಿಲ್ಲ ಎಂದು ಫ್ರಾಯ್ಡ್‌ಗೇ ಬರೆದಿದ್ದರು. ಫ್ರಾಯ್ಡ್ ಸೌಜನ್ಯದಿಂದ ಉತ್ತರಿಸಿದ, ಪೂರ್ತಿ ಒಪ್ಪಲಿಲ್ಲ.

ಅಕ್ಕನಿಗೆ ಇನ್ನೂ ಹತ್ತಿರದ ಒಂದು ಮಾತು ಹೇಳಲಿಕ್ಕುಂಟು. ಅವರ ಅಜ್ಜಿ ಕವತ್ತಾರಿನ ಸಿರಿ ಜಾತ್ರೆಗೆ ಹೋಗುತ್ತಿದ್ದವರು. ಹುಣ್ಣಿಮೆಯ ರಾತ್ರಿ ಹೆಂಗಸರು ಸಾಲಾಗಿ ನಿಂತು, ಕೈಯಲ್ಲಿ ಹಿಂಗಾರ ಹಿಡಿದು, ಆವೇಶದಲ್ಲಿ ಅಳುತ್ತ ಮಾತಾಡುವುದನ್ನು ಅಕ್ಕ ಚಿಕ್ಕಂದಿನಲ್ಲಿ ಕಂಡಿದ್ದಾರೆ. ಮೈಮೇಲೆ ಬಂದದ್ದು ಯಾರು ಎಂದು ಆಚರಣೆ ನಡೆಸುವ ಕುಮಾರ ಕೇಳುತ್ತಾನೆ. ಮನೆಯವರು ಅಲ್ಲೇ ನಿಂತಿರುತ್ತಾರೆ. ಪೀಟರ್ ಕ್ಲಾಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1975ರಲ್ಲೇ ಸಿರಿ ಪುರಾಣ ಮತ್ತು ಆಚರಣೆಯ ಬಗ್ಗೆ ಬರೆದಿದ್ದಾರೆ.

'ಅದು ಮನೋವಿಶ್ಲೇಷಣೆ ಅಂತ ನಾನು ಹೇಳ್ತಾ ಇಲ್ಲ,' ಎನ್ನುತ್ತಾರೆ ಅಕ್ಕ. 'ಆದ್ರೆ ಅಲ್ಲೂ ಒಬ್ಬರು ಕೇಳ್ತಾರೆ, ಬಾಯಿ ಬಿಡದ ಸಂಕಟಕ್ಕೆ ಬಾಯಿ ಬರ್ತದೆ. ನಮ್ಮ ಐದು ಮನೆಗೆ ಮಾತ್ರ ಈ ನೆಲ ಅಂತ ಬೇಲಿ ಹಾಕುದು ಬೇಡ.'

ಸಿರಿಯ ಸಾಲಿನಲ್ಲಿ ಸಂಕಟವನ್ನು ಹೊರುವವಳು ಒಬ್ಬಳೇ ಅಲ್ಲ, ಮನೆಯೂ ಹೊರುತ್ತದೆ. ಐದು ಪಂಥಗಳೂ ಬಾಗಿಲು ಹಾಕಿ ಒಬ್ಬನನ್ನೇ ಕೂರಿಸುತ್ತವೆ. ಆ ವ್ಯತ್ಯಾಸ ಚಿಕ್ಕದಲ್ಲ ಎಂದೇ ನನಗೆ ತೋರುತ್ತದೆ.

ಕ್ಲೈನ್ ಮೇಡಂ ಗಡಿಯಾರ ನೋಡುತ್ತಾರೆ. 'ಬುಧವಾರ ಅವನು ಬರ್ತಾನೆ. ಇವರು ಎಂತ ಹೇಳ್ಬೇಕು? ಒಬ್ಬೊಬ್ಬರು ಒಂದೊಂದು ಮಾತು ಬರೀರಿ. ಪುಸ್ತಕದ ಶಬ್ದ ಒಂದೂ ಬೇಡ.'

ಚೀಟಿಗಳು ಮೇಜಿನ ನಡುವೆ ಬರುತ್ತವೆ. ಆಕೆ ಗಟ್ಟಿಯಾಗಿ ಓದುತ್ತಾರೆ.

ಡಾಕ್ಟ್ರದು: ನಾನು ರಜೆ ಅಂದ ಮೇಲೆ ನೀವು ಬರಲಿಲ್ಲ. ಅಪ್ಪನ ಮೇಲಿನ ಸಿಟ್ಟು ನನ್ನ ಮೇಲೂ ಬಂತೋ ಏನೋ.

ಮೇಡಂದು: ಹೊರಟು ಹೋಗುವವರ ಮೇಲೆ ಸಿಟ್ಟು ಬರ್ತದೆ. ನನ್ನ ಮೇಲೆ ಬಂದಿದೆ.

ಯುವಕನದು: ರಜೆಯ ಸುದ್ದಿ ನಿಮಗೆ ನೋವು ಕೊಟ್ಟಿರಬೇಕು. ಯಾರಿಗಾದರೂ ಕೊಡ್ತಿತ್ತು.

ಅಕ್ಕನದು: ನೀವು ಬಾರದ ಆ ದಿನವೂ ನಾನು ಇಲ್ಲೇ ಕೂತಿದ್ದೆ. ಅದು ನಿಮ್ಮ ಹೊತ್ತು.

ಸಿಸ್ಟರ್‌ದು: ಆ ಧ್ವನಿ ಕಳಿಸುವಾಗ ನಿಮ್ಮೊಳಗೆ ಮಾತಾಡಿದ್ದು ಯಾರು?

ನಾಲ್ಕು ಚೀಟಿ ಒಂದೇ ಜಾಗಕ್ಕೆ ಬೆರಳಿಡುತ್ತವೆ: ರಜೆ, ಬಾರದೆ ಹೋದದ್ದು, ಇಬ್ಬರ ನಡುವೆ ಆದದ್ದು. ಯಾವುದೂ ಬಾಲ್ಯದ ಅಪ್ಪನ ಕಥೆಗೆ ನೇರ ಹಾರುವುದಿಲ್ಲ. ಅರ್ಧ ಗಂಟೆ ಹಿಂದೆ ಒಬ್ಬರ ಮಾತು ಒಬ್ಬರಿಗೆ ಹಿಡಿಸದವರು ಇವರು. ಸಿಸ್ಟರ್‌ರ ಚೀಟಿ ಬೇರೆಯೇ ದಿಕ್ಕಿಗೆ ಹೋಗುತ್ತದೆ, ಅವರು ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದೂ ಇಲ್ಲ.

'ಒಂದೇ ಅಂತ ಖುಷಿಪಡ್ಬೇಡಿ,' ಎನ್ನುತ್ತಾರೆ ಡಾಕ್ಟ್ರು. 'ಸಿಟ್ಟು ಅನ್ನುದಕ್ಕೂ ನೋವು ಅನ್ನುದಕ್ಕೂ ಅಜಗಜಾಂತರ ಉಂಟು. ಬುಧವಾರದಿಂದ ಆರು ತಿಂಗಳು ಅದ್ರಲ್ಲೇ ಹೋಗ್ತದೆ.' ಅವರು ಹೇಳುವುದು ಸರಿ. ನೋವು ಎಂದರೆ ಹುಡುಗ ಸಮಾಧಾನದಿಂದ ಅತ್ತಾನು, ಸಿಟ್ಟು ಮಾತ್ರ ಎದೆಯಲ್ಲೇ ಬಿಗಿದುಕೊಂಡು ಉಳಿದೀತು. ಸಿಟ್ಟು ಎಂದರೆ, ಎಂದೂ ಎದುರಾಡದ ಹುಡುಗ ಬೆದರಿ ಇನ್ನೊಂದು ವಾಯ್ಸ್ ಮೆಸೇಜ್ ಕಳಿಸಿಯಾನು. ಗ್ರೀನ್‌ನ ಆಕ್ಷೇಪಕ್ಕೆ ಬಲ ಬರುವುದು ಇಂಥಲ್ಲಿ. ಕೇಳುವಾಗ ಒಂದಾದವರು ಹೇಳುವಾಗ ಮತ್ತೆ ಬೇರೆಯಾಗುತ್ತಾರೆ. ಆದರೆ ಈಗ ಬೇರೆಯಾಗುವುದು ಒಬ್ಬ ಮನುಷ್ಯನ ಮುಂದಿನ ಮಾತಿನ ಬಗ್ಗೆ, ಗುರುವಿನ ಹೆಸರಿನ ಬಗ್ಗೆ ಅಲ್ಲ. ಆ ಜಗಳ ಆಡತಕ್ಕದ್ದು.

ಆಕೆ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟು, ನೋಟ್‌ಬುಕ್ಕಿನಲ್ಲಿ ತಮ್ಮದೇ ಒಂದು ಸಾಲು ಬರೆದು ಓದುತ್ತಾರೆ: 'ನೀವು ಬಾರದ ದಿನ ನಾನು ಕಾದೆ. ನಿಮ್ಮ ಧ್ವನಿ ಮಾತ್ರ ಬಂತು. ಹಾಗೆ ಕಾಯುದು ಹೇಗಿರ್ತದೆ ಅಂತ ನನಗೆ ಸ್ವಲ್ಪ ಗೊತ್ತಾಯ್ತು.'

'ಸಿಟ್ಟನ್ನು ಬಿಟ್ಟಿರಲ್ಲ?' ಮೇಡಂ ಕೇಳುತ್ತಾರೆ.

'ಅದು ಅವನ ಬಾಯಿಂದಲೇ ಬರ್ಲಿ ಮೇಡಂ.'

'ಬಾರದಿದ್ರೆ?'

'ಮುಂದಿನ ಶನಿವಾರ ಅದನ್ನೇ ಇಲ್ಲಿಗೆ ತರ್ತೇನೆ. ಆಗ ನಿಮ್ಮ ಚೀಟಿ ಹೇಳಿ ನೋಡುವ.'

ಮೇಡಂ ತಮ್ಮ ಚೀಟಿಯನ್ನು ಮಡಚಿ ಆಕೆಯ ನೋಟ್‌ಬುಕ್ಕಿನೊಳಗೆ ಇಡುತ್ತಾರೆ.