ಕಾಕಾನ ಕಾರು ಕುಡಿಯೋ ಎಣ್ಣಿ

ನಮ್ಮೂರು ಕುರ್ಡಿಯಲ್ಲಿ ಹೊಸ ಗಾಡಿ ಅಂದ್ರೆ ನಿಂಬೆಹಣ್ಣು, ತೆಂಗಿನಕಾಯಿ, ಆಮೇಲೆ ಒಂದು ಉಪದೇಶ: "ಸಾವಿರ ಕಿಲೋಮೀಟರ್ ತನಕ 40ರ ಮ್ಯಾಲ ಹೋಗಬ್ಯಾಡ." ಹತ್ತಿ ಮಾರಿದ ದುಡ್ಡಿಗೆ ಸಾಲ ಸೇರಿಸಿ ಟರ್ಬೊ ಪೆಟ್ರೋಲ್ ಕಾರು ತಂದ ಕಾಕಾ ಅದನ್ನೇ ಪಾಲಿಸಿದ್ರು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಇಳಿದಾಗ ಮುಖ ಬಾಡಿತು. "ಸೋರಂಗಿಲ್ಲ, ಹೊಗಿ ಇಲ್ಲ, ಎಣ್ಣಿ ಎಲ್ಲಿ ಹೋತೋ ತಮ್ಮಾ?"

ಸಿಲಿಂಡರ್ ಗೋಡೆ ಮೇಲೆ ಹೋನಿಂಗ್ ಮಾಡಿದ ಸಣ್ಣ ಗೀರುಗಳಿರುತ್ತವೆ. ಪಿಸ್ಟನ್ ರಿಂಗು ಅದಕ್ಕೆ ಉಜ್ಜಿ ಹೊಂದಿಕೊಳ್ಳೋವರೆಗೂ ಸ್ವಲ್ಪ ಆಯಿಲ್ ಮೇಲೆ ಹೋಗಿ ಉರಿಯುತ್ತೆ. ರಿಂಗನ್ನು ಗೋಡೆಗೆ ಗಟ್ಟಿಯಾಗಿ ಒತ್ತೋದು ಉರಿಯೋ ಗ್ಯಾಸಿನ ಒತ್ತಡ. ಹಾಗಾಗಿ ಬರೀ ಮೆಲ್ಲಗೆ ಓಡಿಸಿದರೂ ಕೂರಲ್ಲ, ಫುಲ್ ಆಕ್ಸಿಲರೇಟರೂ ಬೇಡ. ಮಧ್ಯಮ ಲೋಡಿನಲ್ಲಿ ವೇಗ ಬದಲಿಸ್ತಾ ಓಡಿಸಬೇಕು.

ಇದನ್ನೆಲ್ಲ ಇಂಗ್ಲಿಷ್ ಇಲ್ಲದೆ ಹೇಳೋಕೆ ನಾನು ತಡವರಿಸ್ತಿದ್ದೆ. ಕಾಕಾನೇ ಅಂದ್ರು: "ಹೊಸ ಚಪ್ಪಲಿ ಕಾಲಿಗಿ ಕೂಡ್ತದಲ್ಲ, ಹಂಗ."

ಹಂಗೇ. ಆದರೆ ಟರ್ಬೊ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗೋದು ತೆಳು ಆಯಿಲ್ ಪದರದ ಮೇಲೆ. ಲೆವೆಲ್ ಮಿನಿಮಮ್ ಕೆಳಗೆ ಇಳಿಯಬಾರದು. ಈಗ ಕಾಕಾ ಕಿಲೋಮೀಟರ್, ಹಾಕಿದ ಆಯಿಲ್ ಎರಡನ್ನೂ ಹತ್ತಿ ಲೆಕ್ಕದ ವಹಿಯಲ್ಲೇ ಬರೀತಾರೆ. ಇಳಿಕೆ ಕಡಿಮೆ ಆಗ್ತಾ ಬಂದ್ರೆ ರಿಂಗು ಕೂತಿದೆ. ಇಲ್ಲಾಂದ್ರೆ ವಾರಂಟಿ ಮುಗಿಯೋದ್ರೊಳಗೆ ಅದೇ ವಹಿ ಹಿಡಿದು ಶೋರೂಮಿಗೆ ಹೋಗ್ತೀವಿ.