ಊರವರು ಉಳಿಸಿದ ಡಿಸ್ಟಿಲರಿ

ಮದ್ಯವನ್ನು ಮುಟ್ಟದ ಮೇಷ್ಟರು ವಿಸ್ಕಿಯ ಚರಿತ್ರೆ ಹೇಳಹೊರಟರೆಂದು ನನ್ನ ಹಳೆಯ ವಿದ್ಯಾರ್ಥಿಗಳು ನಕ್ಕಾರು. ಆದರೂ ಐರ್ಲೆಂಡಿನ ಕಿಲ್‌ಬೆಗನ್ ಎಂಬ ಸಣ್ಣ ಊರಿನ ಡಿಸ್ಟಿಲರಿಯ ಕಥೆಯನ್ನು ಹೇಳಲೇಬೇಕೆನಿಸಿದೆ.

1757ರಲ್ಲಿ ಆರಂಭವಾದ ಅದು 19ನೇ ಶತಮಾನದಲ್ಲಿ ಜಾನ್ ಲಾಕ್ ಎಂಬವರ ಕೈಗೆ ಬಂದಿತು. 1866ರಲ್ಲಿ ಅಪಘಾತವೊಂದರಿಂದ ಉಗಿಯ ಬಾಯ್ಲರ್ ಕೆಟ್ಟು ಕೆಲಸ ನಿಂತಿತು. ಹೊಸದನ್ನು ಕೊಳ್ಳಲು ಲಾಕ್ ಅವರಲ್ಲಿ ಹಣವಿರಲಿಲ್ಲ. ಆಗ ಊರವರೇ ಚಂದಾ ಎತ್ತಿ ಬಾಯ್ಲರ್ ಕೊಂಡು, ಬಿನ್ನವತ್ತಳೆಯೊಡನೆ ಅವರಿಗೆ ಒಪ್ಪಿಸಿದರು! ಮಾಲೀಕನಿಗೆ ಊರೇ ಯಂತ್ರ ಕೊಡಿಸಿದ ಇಂತಹ ಸಂಗತಿಯನ್ನು ನಾನು ಬೇರೆಲ್ಲೂ ಓದಿಲ್ಲ.

1957ರಲ್ಲಿ ಡಿಸ್ಟಿಲರಿ ಮುಚ್ಚಿತು. 1982ರಲ್ಲಿ ಮತ್ತೆ ಊರವರೇ ಮುಂದೆ ಬಂದು ಆ ಹಳೆಯ ಕಟ್ಟಡವನ್ನು ವಸ್ತುಸಂಗ್ರಹಾಲಯವಾಗಿ ಉಳಿಸಿದರು. 2007ರಲ್ಲಿ, ಅದರ 250ನೇ ವರ್ಷದಲ್ಲಿ, ಅಲ್ಲಿ ಪುನಃ ವಿಸ್ಕಿ ಬಟ್ಟಿ ಇಳಿಸಲಾರಂಭಿಸಿದರು.

ಕೈಗಾರಿಕಾ ಕ್ರಾಂತಿಯ ಪಾಠದಲ್ಲಿ ಜೇಮ್ಸ್ ವಾಟ್‌ನ ಹೆಸರನ್ನು ಬಾಯಿಪಾಠ ಮಾಡಿದ ನೀವು, ಹೆಸರಿಲ್ಲದ ಈ ಊರವರನ್ನೂ ನೆನಪಿಟ್ಟುಕೊಳ್ಳಿ.